ಆಟಕ್ಕೆ ಕೂತಾಗಲೇ ಯಾಕೆ ಆರುತ್ತದೆ?



ಮನೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇರುವವರಿಗೆ, ಅದರಲ್ಲೂ ಅದರ ಮುಂದೆ ಕೂತು ಆಟ ಆಡುವ ಮಕ್ಕಳಿರುವವರಿಗೆ, ಈ ತೊಂದರೆ ಹೊಸದಲ್ಲ. ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡುವಾಗ ಯಂತ್ರ ಚೆನ್ನಾಗೇ ಇರುತ್ತದೆ. ಸಿನಿಮಾ ನೋಡುವಾಗಲೂ ಏನೂ ಆಗುವುದಿಲ್ಲ. ಆಟ ಶುರುವಾಗಿ ಹತ್ತು ನಿಮಿಷವೋ ಅರ್ಧ ಗಂಟೆಯೋ ಕಳೆಯುವಷ್ಟರಲ್ಲಿ ಪರದೆ ದಿಢೀರನೆ ಕಪ್ಪಾಗುತ್ತದೆ, ಫ್ಯಾನಿನ ಸದ್ದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮದರ್‌ಬೋರ್ಡ್ ಕಂಪನಿಯ ಹೆಸರು ಪರದೆಯ ಮೇಲೆ ಮೂಡುತ್ತದೆ. ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆಗಿದೆ. ಯಾಕೆ ಎಂದು ಅದು ಹೇಳುವುದಿಲ್ಲ.

ಅಲ್ಲಿಂದ ಮನೆಯಲ್ಲಿ ಮಾತು ಬೆಳೆಯುತ್ತದೆ. "ಬರೀ ಗೇಮು ಗೇಮು ಅಂತ ಕೂತ್ರೆ ಇನ್ನೇನಾಗತ್ತೆ?" ಎಂದು ಅಪ್ಪ. "ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕು, ಹೊಸದು ಕೊಡಿಸಪ್ಪಾ" ಎಂದು ಮಗ. ಇಬ್ಬರ ಊಹೆಯೂ ಬಹುಪಾಲು ತಪ್ಪು. ಆಟ ಯಂತ್ರವನ್ನು ಕೆಡಿಸಿರುವುದಿಲ್ಲ. ಕಾರ್ಡೂ ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಮನೆಯ ಗೋಡೆಯಿಂದ ಕಂಪ್ಯೂಟರಿನ ಒಳಗಿನ ಚಿಪ್ಪಿನವರೆಗೆ ವಿದ್ಯುತ್ತು ಸಾಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಬಲ ಸಾಲದಾಗಿದೆ. ಆ ಕೊರತೆ ಮೊದಲಿನಿಂದಲೂ ಇತ್ತು. ಅದನ್ನು ಬಯಲಿಗೆ ತಂದದ್ದಷ್ಟೇ ಆಟ. ಇವತ್ತು ನಾನು ಆ ದಾರಿಯನ್ನು ಗೋಡೆಯ ಕಡೆಯಿಂದಲೇ ಹಿಡಿದು ಮಾತಾಡುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಹುಡುಕಾಟವನ್ನು ತಲೆಕೆಳಗಾಗಿ, ದುಬಾರಿ ಸಾಮಾನಿನಿಂದ ಶುರುಮಾಡುತ್ತಾರೆ. ಮಧ್ಯಮ ವರ್ಗದ ಮನೆಗಳಲ್ಲಿ ಇದರಿಂದ ಅನ್ಯಾಯವಾಗಿ ಹಣ ಪೋಲಾಗುವುದನ್ನು ನೋಡಿ ನೋಡಿ ಈ ಮಾತು ಆಡಬೇಕೆನ್ನಿಸಿತು.

ನಾನಿರುವುದು ಉಲ್ಲಾಳ ಉಪನಗರದಲ್ಲಿ. ಕಡಲ ತೀರದ ಉಲ್ಲಾಳವಲ್ಲ. ಬೆಂಗಳೂರಿನ ಪಶ್ಚಿಮಕ್ಕೆ, ಜ್ಞಾನಭಾರತಿ ಆವರಣದ ಆಚೆ, ಕೆಂಗೇರಿಗೂ ನಾಗರಭಾವಿಗೂ ನಡುವೆ ಇರುವ ಉಲ್ಲಾಳ. ಒಂದು ಕಾಲಕ್ಕೆ ಹೊಲ, ಕೆರೆ, ತೋಪುಗಳಿದ್ದ ಹಳ್ಳಿ. ಈಗ ಮೂವತ್ತು-ನಲವತ್ತರ ಸೈಟುಗಳಲ್ಲಿ ಮೂರು ಅಂತಸ್ತಿನ ಮನೆಗಳು: ಕೆಳಗೆ ಮಾಲೀಕರು, ಮೇಲೆರಡು ಬಾಡಿಗೆ ಮನೆಗಳು, ಅಂಗಳದಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು. ಈ ವಿವರಗಳನ್ನು ಸುಮ್ಮನೆ ಹೇಳುತ್ತಿಲ್ಲ. ಕಂಪ್ಯೂಟರ್ ಆರುವುದಕ್ಕೂ ಅಂಗಳದ ಸಂಪಿಗೂ ಇರುವ ನಂಟು ಮುಂದೆ ಬರುತ್ತದೆ.

ಮೊದಲು ಒಂದು ಲೆಕ್ಕ. ಸುಮ್ಮನೆ ಟೈಪ್ ಮಾಡುವಾಗ ಒಂದು ಡೆಸ್ಕ್‌ಟಾಪ್ ಗೋಡೆಯಿಂದ ಎಳೆಯುವುದು ಸುಮಾರು 50ರಿಂದ 80 ವ್ಯಾಟ್. ಅದೇ ಯಂತ್ರದಲ್ಲಿ ಆರ್‌ಟಿಎಕ್ಸ್ 3060ರಂಥ ಮಧ್ಯಮ ದರ್ಜೆಯ ಕಾರ್ಡ್ ಇದ್ದರೆ, ಆಟ ಶುರುವಾದಾಗ ಆ ಕಾರ್ಡೊಂದೇ 170 ವ್ಯಾಟ್ ಕೇಳುತ್ತದೆ. ಪ್ರೊಸೆಸರ್, ಫ್ಯಾನು, ಡಿಸ್ಕು ಎಲ್ಲ ಸೇರಿ 300 ವ್ಯಾಟಿನ ಹತ್ತಿರ ಹೋಗುತ್ತದೆ. ಕ್ಷಣದೊಳಗೆ ನಾಲ್ಕೈದು ಪಟ್ಟು ಏರಿಕೆ. ಮನೆಯ ಕಂಪ್ಯೂಟರಿನಿಂದ ಇಷ್ಟು ದುಡಿಸುವ ಕೆಲಸ ಬೇರೆ ಹೆಚ್ಚಿಲ್ಲ. ವಿಡಿಯೊ ಎಡಿಟಿಂಗ್ ಮಾಡುವವರ ಮನೆಯಲ್ಲೂ ಇದೇ ತೊಂದರೆ ಇದೇ ಕಾರಣಕ್ಕೆ ಕಾಣುತ್ತದೆ.

ಹುಡುಕುವುದಕ್ಕೆ ಮುಂಚೆ ಯಂತ್ರ ಹೇಗೆ ನಿಂತಿತು ಎಂಬುದನ್ನು ಗಮನವಿಟ್ಟು ನೋಡಬೇಕು. ಆಟವೊಂದೇ ಮುಚ್ಚಿಕೊಂಡು ಉಳಿದದ್ದೆಲ್ಲ ನಡೆಯುತ್ತಿದ್ದರೆ ಅದು ಸಾಫ್ಟ್‌ವೇರ್, ಡ್ರೈವರ್ ಅಥವಾ ರ‍್ಯಾಮಿನ ವಿಚಾರ, ವಿದ್ಯುತ್ತಿನದ್ದಲ್ಲ. ಪರದೆ ಕಪ್ಪಾದರೂ ಹೆಡ್‌ಫೋನಿನಲ್ಲಿ ಸದ್ದು ಕೇಳುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ ಕಡೆ ನೋಡಬೇಕು. ನೀಲಿ ಪರದೆ ಮಿಂಚಿ ಮಾಯವಾಗಿ ರೀಸ್ಟಾರ್ಟ್ ಆದರೆ ವಿಂಡೋಸ್ ತಾನೇ ತಪ್ಪು ಕಂಡು ನಿಲ್ಲಿಸಿದೆ ಎಂದರ್ಥ. ಪೂರ್ತಿ ಆರಿಹೋಗಿ, ಹಿಂದಿನ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡುವ ತನಕ ಏಳದಿದ್ದರೆ, ಒಳಗೆ ವಿದ್ಯುತ್ತು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಬಾಗಿಲು ಹಾಕಿಕೊಂಡಿದೆ. ಇದ್ದಕ್ಕಿದ್ದಂತೆ ಕಪ್ಪಾಗಿ, ತಕ್ಷಣ ತಾನೇ ಎದ್ದು ಕೂತರೆ, ಅದೇ ನಮ್ಮ ಇವತ್ತಿನ ವಿಷಯ.

ಅದು ಹಾಗೆ ಏಳುವುದಕ್ಕೆ ಒಂದು ಕಾರಣವಿದೆ. ಎಸ್‌ಎಂಪಿಎಸ್ ಎಂಬ ಆ ಕಬ್ಬಿಣದ ಪೆಟ್ಟಿಗೆ ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಮಾಡಿಕೊಡುವುದರ ಜೊತೆಗೆ ಮದರ್‌ಬೋರ್ಡಿಗೆ ಒಂದು ಸಂಕೇತವನ್ನೂ ಕಳಿಸುತ್ತಿರುತ್ತದೆ. "ನಾನು ಕೊಡುತ್ತಿರುವ ವಿದ್ಯುತ್ತು ಸರಿಯಾಗಿದೆ" ಎಂಬ ಸಂಕೇತ. ಪವರ್ ಗುಡ್ ಎನ್ನುತ್ತಾರೆ. ಆ ಸಂಕೇತ ಒಂದು ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪಿದರೂ ಮದರ್‌ಬೋರ್ಡ್ ಎಲ್ಲವನ್ನೂ ನಿಲ್ಲಿಸುತ್ತದೆ. ಸಂಕೇತ ಮರಳಿದ ಕೂಡಲೇ ಮೊದಲಿನಿಂದ ಶುರುಮಾಡುತ್ತದೆ. ತಪ್ಪು ವಿದ್ಯುತ್ತಿನಲ್ಲಿ ಲೆಕ್ಕ ಮಾಡಿ ಡಿಸ್ಕಿನ ಮೇಲೆ ತಪ್ಪು ಬರೆಯುವುದಕ್ಕಿಂತ ನಿಂತುಬಿಡುವುದು ಮೇಲು ಎಂದು ಹಾಗೆ ಮಾಡಿದ್ದಾರೆ. ವಿಂಡೋಸಿಗೆ ಕಾರಣ ಬರೆದಿಡಲು ಸಮಯವೇ ಸಿಗುವುದಿಲ್ಲ.

ಆದರೂ ವಿಂಡೋಸ್ ಏಳುವಾಗ ಒಂದು ಟಿಪ್ಪಣಿ ಬರೆಯುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಎಂದು ಹುಡುಕಿ, ವಿಂಡೋಸ್ ಲಾಗ್ಸ್ ಅಡಿಯಲ್ಲಿ ಸಿಸ್ಟಮ್ ಎಂಬುದನ್ನು ತೆರೆಯಿರಿ. ಕರ್ನಲ್-ಪವರ್, ಸಂಖ್ಯೆ 41, ಕ್ರಿಟಿಕಲ್ ಎಂಬ ಸಾಲು ಸಿಗುತ್ತದೆ. ಇದನ್ನು ಕಂಡು ಎಷ್ಟೋ ಮಂದಿ "41ನೇ ನಂಬರಿನ ರೋಗ" ಎಂದುಕೊಂಡು ಅದಕ್ಕೆ ಮದ್ದು ಹುಡುಕಲು ಹೊರಡುತ್ತಾರೆ. ಅದು ರೋಗದ ಹೆಸರಲ್ಲ. ಹಿಂದಿನ ಸಲ ಯಂತ್ರ ಸರಿಯಾಗಿ ಮುಚ್ಚಲಿಲ್ಲ ಎಂದಷ್ಟೇ ಅದು ಹೇಳುವುದು. ಕರೆಂಟು ಹೋದರೂ ಅದೇ ಸಾಲು ಬರುತ್ತದೆ. ಅದರೊಳಗೆ ಡೀಟೇಲ್ಸ್ ನೋಡಿದರೆ ಬಗ್‌ಚೆಕ್ ಕೋಡ್ ಎಂದು ಒಂದು ಅಂಕಿ ಇರುತ್ತದೆ. ನಾವು ನೋಡಬೇಕಾದದ್ದು ಅದನ್ನು. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್ ಯಾವ ದೋಷವನ್ನೂ ದಾಖಲಿಸಿಲ್ಲ. ವಿದ್ಯುತ್ತೋ ಹಾರ್ಡ್‌ವೇರೋ ಕೈಕೊಟ್ಟಿದೆ ಎಂಬ ಕಡೆಗೆ ತಕ್ಕಡಿ ವಾಲುತ್ತದೆ. ಬೇರೆ ಅಂಕಿ ಇದ್ದರೆ ನೀಲಿ ಪರದೆ ಬಂದಿತ್ತು, ನಿಮಗೆ ಕಾಣಲಿಲ್ಲ, ಅಷ್ಟೆ. ಅದು ಕಾಣಬೇಕಾದರೆ ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ, ಸ್ಟಾರ್ಟಪ್ ಅಂಡ್ ರಿಕವರಿ ಅಡಿಯಲ್ಲಿ, ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬ ಗುರುತನ್ನು ತೆಗೆದುಬಿಡಿ. ಆಮೇಲೆ ನೀಲಿ ಪರದೆ ಬಂದರೆ ನಿಂತೇ ಇರುತ್ತದೆ. ಫೋನಿನಲ್ಲಿ ಒಂದು ಫೋಟೊ ಹಿಡಿದಿಟ್ಟುಕೊಳ್ಳಬಹುದು.

41ರ ಆಸುಪಾಸಿನಲ್ಲಿ ವ್ಹೀಯಾ-ಲಾಗರ್, ಸಂಖ್ಯೆ 18 ಎಂಬ ಸಾಲಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ತನ್ನೊಳಗೇ ದೋಷ ಕಂಡಿದೆ ಎಂಬ ಸುಳಿವು ಅದು. ಅದರ ಮಾತು ಮುಂದೆ.

ಈಗ ಗೋಡೆಗೆ ಬರೋಣ.

ನಮ್ಮ ಬೀದಿಯ ಒಂದು ಮನೆಯ ಹುಡುಗ, ಪಿಯುಸಿ ಓದುವವನು, ಇದೇ ಸಮಸ್ಯೆ ಹೊತ್ತು ಬಂದಿದ್ದ. "ಅಂಕಲ್, ದಿನಾ ಆಗಲ್ಲ. ಒಂದಿನ ಆಗತ್ತೆ, ಎರಡು ದಿನ ಸುಮ್ನಿರತ್ತೆ. ಯಾಕೆ ಅಂತ ಗೊತ್ತೇ ಆಗ್ತಿಲ್ಲ" ಎಂದ. ಆರಿದ ಗಂಟೆ-ನಿಮಿಷವನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗು, ಆ ಹೊತ್ತಿಗೆ ಮನೆಯಲ್ಲಿ ಇನ್ನೇನು ನಡೆಯುತ್ತಿತ್ತು ಎಂಬುದನ್ನೂ ಬರೆ ಎಂದೆ. ಈವೆಂಟ್ ವ್ಯೂವರ್ ಹೇಗೂ ಸಮಯ ತೋರಿಸುತ್ತದೆ. ಹಾಳೆ ತುಂಬುತ್ತಾ ಬಂದಂತೆ ಅವನಿಗೇ ಗೊತ್ತಾಯಿತು. ಕಾವೇರಿ ನೀರು ಬಿಡುವ ದಿನಗಳಲ್ಲಿ, ಸಂಪು ತುಂಬಿ ಅವರಮ್ಮ ಮೋಟಾರ್ ಹಾಕುವ ಹೊತ್ತಿಗೆ ಯಂತ್ರ ಆರುತ್ತಿತ್ತು. ಆಮೇಲಾಮೇಲೆ ಅವನು ಹೆಡ್‌ಫೋನ್ ತೆಗೆದು, "ಅಮ್ಮಾ, ಮೋಟಾರ್ ಹಾಕ್ದ್ಯಾ?" ಎಂದು ಕೂಗುತ್ತಿದ್ದ. "ಹೂಂ ಕಣೋ, ಈಗ್ತಾನೇ ಹಾಕ್ದೆ" ಎಂಬ ಉತ್ತರ ಬರುತ್ತಿತ್ತು.

ಇದರ ಹಿಂದಿನ ಕಾರಣ ಹೀಗಿದೆ. ಒಂದು ಎಚ್‌ಪಿ ಮೋಟಾರು ಓಡುತ್ತಿರುವಾಗ ಐದಾರು ಆಂಪಿಯರ್ ಎಳೆಯುತ್ತದೆ. ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಮಾತ್ರ ಅದರ ಐದಾರು ಪಟ್ಟು ಬೇಕು. ಮನೆಯ ವೈರು ತೆಳ್ಳಗಿದ್ದರೆ, ಮೇನ್ ಬೋರ್ಡಿನ ಸ್ಕ್ರೂ ಸಡಿಲವಿದ್ದರೆ, ಕಂಬದಿಂದ ಮನೆ ದೂರವಿದ್ದರೆ ಆ ಕ್ಷಣ ಮನೆಯಿಡೀ ವೋಲ್ಟೇಜು ಕುಸಿಯುತ್ತದೆ. ಬಲ್ಬು ಒಮ್ಮೆ ಮಂಕಾಗಿ ಸರಿಹೋಗುವುದನ್ನು ನೀವು ನೋಡಿರುತ್ತೀರಿ. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಗೆ ಕೊಡುವ ವೋಲ್ಟೇಜಿನಲ್ಲಿ ಶೇಕಡ 6ರಷ್ಟು ಏರಿಳಿತವನ್ನು ಒಪ್ಪಿದ್ದವು. ಎಂದರೆ 230ಕ್ಕೆ ಸುಮಾರು 216ರಿಂದ 244. ಮೀಟರಿನ ತನಕ ಅಷ್ಟು ಸರಿಯಾಗಿಯೇ ಬಂದು, ಮೀಟರಿನಿಂದ ಈಚೆಗೆ ನಮ್ಮದೇ ವೈರಿಂಗಿನಲ್ಲಿ ಕುಸಿದರೆ ಬೆಸ್ಕಾಂ ಏನೂ ಮಾಡಲಾಗದು.

ಹಾಗಾದರೆ ಟೈಪ್ ಮಾಡುವಾಗ ಮೋಟಾರ್ ಹಾಕಿದರೆ ಯಾಕೆ ಆರುವುದಿಲ್ಲ? ಈ ಪ್ರಶ್ನೆಯನ್ನು ಆ ಹುಡುಗನೇ ಕೇಳಿದ. ಒಳ್ಳೆಯ ಪ್ರಶ್ನೆ. ಎಸ್‌ಎಂಪಿಎಸ್ ಒಳಗೆ ಒಂದು ದಪ್ಪ ಕೆಪಾಸಿಟರ್ ಇದೆ. ತಾರಸಿಯ ಮೇಲಿನ ಟ್ಯಾಂಕಿನ ಹಾಗೆ ಅದು: ಕೆಳಗಿನಿಂದ ನೀರು ಬರುವುದು ನಿಂತರೂ ಸ್ವಲ್ಪ ಹೊತ್ತು ನಲ್ಲಿಯಲ್ಲಿ ಬರುತ್ತಲೇ ಇರುತ್ತದೆ. ಆ ಸ್ವಲ್ಪ ಹೊತ್ತು ಎಂದರೆ ಪೂರ್ತಿ ಹೊರೆಯ ಮೇಲೆ 16-17 ಮಿಲಿಸೆಕೆಂಡ್ ಇರಬೇಕು ಎಂದು ಇಂಟೆಲ್ ಕಂಪನಿಯ ವಿನ್ಯಾಸ ಸೂತ್ರ ಬಹುಕಾಲ ಹೇಳುತ್ತಿತ್ತು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಅಲೆಯ ಅವಧಿಯೇ 20 ಮಿಲಿಸೆಕೆಂಡ್. 60 ವ್ಯಾಟ್ ಎಳೆಯುವಾಗ ಆ ಸಂಗ್ರಹ ಬಹಳ ಹೊತ್ತು ಬರುತ್ತದೆ, ಮೋಟಾರಿನ ಧಕ್ಕೆಯನ್ನು ದಾಟಿಸಿಬಿಡುತ್ತದೆ. 300 ವ್ಯಾಟ್ ಎಳೆಯುವಾಗ ಅದೇ ಸಂಗ್ರಹ ಐದು ಪಟ್ಟು ಬೇಗ ಬರಿದಾಗುತ್ತದೆ. ಕೆಪಾಸಿಟರ್ ಹಳತಾಗಿದ್ದರಂತೂ ಇನ್ನೂ ಬೇಗ. ಆಟ ಮತ್ತು ಮೋಟಾರು ಎರಡೂ ಕೂಡಿದಾಗ ಮಾತ್ರ ಯಂತ್ರ ಆರಿದ್ದಕ್ಕೆ ಇದೇ ಕಾರಣ. ಮೋಟಾರಿನ ಜಾಗದಲ್ಲಿ ಫ್ರಿಜ್ಜಿನ ಕಂಪ್ರೆಸರ್ ಇರಬಹುದು, ಗೀಸರ್ ಇರಬಹುದು, ಪಕ್ಕದ ಸೈಟಿನಲ್ಲಿ ಮನೆ ಕಟ್ಟುವವರ ವೆಲ್ಡಿಂಗ್ ಇರಬಹುದು. ನಮ್ಮ ಬಡಾವಣೆಗಳಲ್ಲಿ ಮನೆ ಕಟ್ಟುವ ಕೆಲಸ ನಿಲ್ಲುವ ದಿನವೇ ಇಲ್ಲವಲ್ಲ.

ಪರಿಹಾರಕ್ಕೆ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮೇನ್ ಬೋರ್ಡಿನ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಕಂಪ್ಯೂಟರ್ ಕೋಣೆಗೆ ಮೋಟಾರಿನ ಸರ್ಕ್ಯೂಟಿನಿಂದ ಬೇರೆಯಾದ ಲೈನು ಎಳೆಸಲು ಸಾಧ್ಯವೇ ನೋಡಿ. ಒಂದು ಎಕ್ಸ್‌ಟೆನ್ಶನ್ ಬಾಕ್ಸಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸಿ, ಅದರಲ್ಲಿ ಕಂಪ್ಯೂಟರ್, ಮಾನಿಟರ್, ರೌಟರ್, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ತೂರಿಸಿದ್ದರೆ ಅದನ್ನು ಇವತ್ತೇ ಬಿಡಿಸಿ. ಸಡಿಲವಾದ ಸಾಕೆಟ್ಟಿನೊಳಗೆ ಕಿಡಿ ಹಾರಿದರೂ ಯಂತ್ರ ಆರುತ್ತದೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಪವರ್ ಕೇಬಲ್ ಪೂರ್ತಿ ಒಳಗೆ ಕೂತಿದೆಯೇ ಎಂದು ಒತ್ತಿ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಇದಕ್ಕಿಂತ ಅಪಾಯದ ಒಂದು ಸಂಗತಿ ನ್ಯೂಟ್ರಲ್. ಮೂರು ಅಂತಸ್ತಿನ ಮನೆಗಳಲ್ಲಿ ತ್ರೀ ಫೇಸ್ ಸಂಪರ್ಕ ಪಡೆದು ಒಂದೊಂದು ಅಂತಸ್ತಿಗೆ ಒಂದೊಂದು ಫೇಸ್ ಕೊಟ್ಟಿರುತ್ತಾರೆ. ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಅದರ ಜೋಡಣೆ ಸಡಿಲವಾದರೆ ಒಂದು ಅಂತಸ್ತಿನಲ್ಲಿ ವೋಲ್ಟೇಜು ಇಳಿದು ಇನ್ನೊಂದರಲ್ಲಿ ಏರುತ್ತದೆ. ಕೆಳಗಿನ ಮನೆಯವರು ಗೀಸರ್ ಹಾಕಿದಾಗ ನಿಮ್ಮ ಮನೆಯ ಬಲ್ಬು ಇದ್ದಕ್ಕಿದ್ದಂತೆ ಹೆಚ್ಚು ಪ್ರಕಾಶಿಸಿದರೆ ತಡಮಾಡಬೇಡಿ. ಕಂಪ್ಯೂಟರ್, ಟಿವಿ ಎಲ್ಲವನ್ನೂ ಪ್ಲಗ್ಗಿನಿಂದ ಕಿತ್ತು ಎಲೆಕ್ಟ್ರಿಷಿಯನ್ನರನ್ನು ಕರೆಸಿ. ದೋಷ ಕಂಬದ ಕಡೆ ಇದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಇಲ್ಲಿ ಕಂಪ್ಯೂಟರಿನ ಮಾತಿಗಿಂತ ಮನೆಯವರ ಜೀವದ ಮಾತು ದೊಡ್ಡದು.

ಅರ್ಥಿಂಗಿನ ಕಥೆಯೂ ಹಾಗೇ. ಕ್ಯಾಬಿನೆಟ್ಟಿನ ಕಬ್ಬಿಣದ ಭಾಗ ಮುಟ್ಟಿದರೆ ಜುಂ ಎನ್ನುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ, ಅದನ್ನು ಸಹಜ ಎಂದುಕೊಂಡು ಬಿಟ್ಟಿರುತ್ತಾರೆ. ಎಸ್‌ಎಂಪಿಎಸ್‌ನ ಬಾಗಿಲಲ್ಲಿ ವಿದ್ಯುತ್ ಗದ್ದಲವನ್ನು ಸೋಸಲೆಂದು ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರನ್ನು ಕ್ಯಾಬಿನೆಟ್ಟಿನ ಮೈಗೆ ಜೋಡಿಸಿರುತ್ತಾರೆ. ಅರ್ಥಿಂಗ್ ಇದ್ದರೆ ಆ ಸಣ್ಣ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟು 230ರ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ನಿಂತಿರುತ್ತದೆ. ಹಾದುಬರುವ ವಿದ್ಯುತ್ತು ತೀರಾ ಕಡಿಮೆಯಾದ್ದರಿಂದ ಜುಂ ಎನ್ನುವಷ್ಟಕ್ಕೆ ನಿಲ್ಲುತ್ತದೆ. ಆದರೆ ಅರ್ಥಿಂಗ್ ಇಲ್ಲದ ಮನೆಯಲ್ಲಿ ನಾಳೆ ಬೇರೆ ಯಾವುದೋ ದೋಷ ಬಂದರೆ ತಡೆಯುವವರಿಲ್ಲ. ಮನೆ ಕಟ್ಟುವಾಗ ಇದ್ದಿಲು, ಉಪ್ಪು ಹಾಕಿ ಹೂತ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು. ನೆಲ ಒಣಗಿದರೆ ಅದು ಕೆಲಸ ಮಾಡುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿಗೇ ಟ್ಯಾಂಕರ್ ಕಾಯುತ್ತಿದ್ದಾಗ ಆ ಗುಂಡಿಗೆ ನೀರು ಹಾಕುವುದು ಯಾರಿಗೆ ನೆನಪಿರಲು ಸಾಧ್ಯ? ಪಾತ್ರೆ ತೊಳೆದ ನೀರಾದರೂ ಸಾಕು, ಅದಕ್ಕೆ ಹಾಕಿ.

ಯುಪಿಎಸ್ ಇದೆ, ನಮಗೇನೂ ಭಯವಿಲ್ಲ ಎನ್ನುವವರಿಗೆ ಒಂದು ಮಾತು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಕಂಪ್ಯೂಟರ್ 300, ಮಾನಿಟರ್ 30, ಅದರ ಮೇಲೆ ರೌಟರ್, ಸ್ಪೀಕರ್. ಆಟದ ನಡುವೆ ವೋಲ್ಟೇಜು ಕುಸಿದು ಯುಪಿಎಸ್ ಬ್ಯಾಟರಿಗೆ ಹೊರಳುವ ಗಳಿಗೆಯಲ್ಲಿ ಹೊರೆ ತಾಳದೆ ಅದೇ ಆರಿಬಿಡುತ್ತದೆ. ಒಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿಯ ಆಯುಷ್ಯ ಎರಡು-ಮೂರು ವರ್ಷ; ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಮುದಿ ಯುಪಿಎಸ್ಸೇ ಕಂಪ್ಯೂಟರನ್ನು ಆರಿಸುತ್ತಿರುವ ಮನೆಗಳು ಬೇಕಾದಷ್ಟಿವೆ. ಅದನ್ನು ಬಿಡಿಸಿ, ಕೆಲವು ದಿನ ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ಆಡಿ ನೋಡಿದರೆ ತಿಳಿದುಹೋಗುತ್ತದೆ. ಮನೆಯ ಇನ್ವರ್ಟರ್ ಲೈನಿನಲ್ಲಿ ಕಂಪ್ಯೂಟರ್ ಇದ್ದರೆ, ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ನಾರ್ಮಲ್‌ನಲ್ಲಿದ್ದರೆ ಅದು ಹೊರಳುವುದು ನಿಧಾನ. ಫ್ಯಾನು, ಬಲ್ಬಿಗೆ ನಡೆಯುತ್ತದೆ, ಕಂಪ್ಯೂಟರಿಗೆ ನಡೆಯುವುದಿಲ್ಲ.

ಗೋಡೆ ಸರಿಯಾಗಿದೆ ಎಂದಾದರೆ ಮುಂದಿನ ನಿಲ್ದಾಣ ಎಸ್‌ಎಂಪಿಎಸ್. ನನ್ನ ತೀರ್ಮಾನ ಕೇಳಿದರೆ, ಆಟದ ನಡುವೆ ಆರುವ ಯಂತ್ರಗಳಲ್ಲಿ ಮೊದಲು ಅನುಮಾನಿಸಬೇಕಾದ ಭಾಗ ಇದೇ. ಕಂಪ್ಯೂಟರ್ ಜೋಡಿಸುವಾಗ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಾಲ ಮಾಡಿಯಾದರೂ ದುಡ್ಡು ಹಾಕುತ್ತೇವೆ. ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ಜೊತೆ ಬಂದದ್ದು, 450 ವ್ಯಾಟ್ ಎಂದು ಚೀಟಿ ಅಂಟಿಸಿದೆ, ಸಾಕು ಎನ್ನುತ್ತೇವೆ. ಆ ಚೀಟಿಯನ್ನು ಒಮ್ಮೆ ಓದಿ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ತಿನ್ನುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನ ಮುಂದೆ 16 ಆಂಪಿಯರ್ ಎಂದಿದ್ದರೆ 16ನ್ನು 12ರಿಂದ ಗುಣಿಸಿ: 192 ವ್ಯಾಟ್. 450 ಎಂದು ದಪ್ಪಕ್ಷರದಲ್ಲಿ ಬರೆದದ್ದು ಏನೇ ಇರಲಿ, ಆಟಕ್ಕೆ ಸಿಗುವುದು ಇಷ್ಟೇ. ಅದರಲ್ಲಿ 170 ವ್ಯಾಟಿನ ಕಾರ್ಡನ್ನು ಓಡಿಸಹೊರಟರೆ ಪ್ರೊಸೆಸರಿಗೆ ಉಳಿಯುವುದೆಷ್ಟು? ಎನ್ವಿಡಿಯಾ ಕಂಪನಿಯೇ ಆರ್‌ಟಿಎಕ್ಸ್ 3060 ಕಾರ್ಡಿಗೆ 550 ವ್ಯಾಟಿನ ಎಸ್‌ಎಂಪಿಎಸ್ ಬೇಕು ಎನ್ನುತ್ತದೆ.

ಕಾರ್ಡುಗಳು ಎಳೆಯುವ ರೀತಿಯಲ್ಲೂ ಒಂದು ತೊಡಕಿದೆ. 2020ರಲ್ಲಿ ಬಂದ ಆರ್‌ಟಿಎಕ್ಸ್ 3080ಕ್ಕೆ 320 ವ್ಯಾಟ್ ಎಂದು ಹೇಳಿದ್ದರು. ಅದು ಸರಾಸರಿ. ಆಟದಲ್ಲಿ ಒಂದು ಸ್ಫೋಟವೋ ಹೊಸ ದೃಶ್ಯವೋ ಬಂದ ಕ್ಷಣ, ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು, ಅದು ಹೇಳಿದ್ದಕ್ಕಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಮೀರಿ ಎಳೆಯುತ್ತಿತ್ತು. ಒಳ್ಳೆಯ ಕಂಪನಿಯ, ಸಾಕಷ್ಟು ವ್ಯಾಟಿನ ಎಸ್‌ಎಂಪಿಎಸ್‌ಗಳೂ ಇದನ್ನು ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಬಾಗಿಲು ಹಾಕಿಕೊಂಡವು. ಲೋಕದ ಎಲ್ಲೆಡೆ ಈ ದೂರು ಎದ್ದಿತು. 2022ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 ಎಂಬ ಸೂತ್ರದಲ್ಲಿ, ದೊಡ್ಡ ಕಾರ್ಡುಗಳಿಗೆಂದು ತಯಾರಾಗುವ ಎಸ್‌ಎಂಪಿಎಸ್ 100 ಮೈಕ್ರೊಸೆಕೆಂಡುಗಳ ಕಾಲ ತನ್ನ ಅಳತೆಯ ಎರಡು ಪಟ್ಟು ತಡೆದುಕೊಳ್ಳಬೇಕು ಎಂದು ಸೇರಿಸಿದರು.

ಕಾರ್ಡಿಗೆ ಹೋಗುವ ಕೇಬಲ್ ನೋಡುವುದನ್ನು ಮರೆಯಬಾರದು. ಎಂಟು ಪಿನ್ನಿನ ಒಂದು ಕನೆಕ್ಟರಿಗೆ ಹಾಕಿಕೊಂಡ ಮಿತಿ 150 ವ್ಯಾಟ್. ಕಾರ್ಡಿನಲ್ಲಿ ಎರಡು ಕನೆಕ್ಟರ್ ಇದ್ದಾಗ, ಒಂದೇ ಕೇಬಲ್ಲಿನ ತುದಿಯಲ್ಲಿ ಕವಲೊಡೆದ ಎರಡು ಬಾಯಿಗಳನ್ನು ಸಿಕ್ಕಿಸುವ ರೂಢಿ ಇದೆ. ಎಸ್‌ಎಂಪಿಎಸ್‌ನಲ್ಲಿ ಇನ್ನೊಂದು ಕೇಬಲ್ ಖಾಲಿ ಇದ್ದರೆ ಎರಡು ಬೇರೆ ಬೇರೆ ಕೇಬಲ್ ಹಾಕಿ. ಇಷ್ಟರಿಂದಲೇ ಸರಿಹೋಗುವುದುಂಟು.

ಎಸ್‌ಎಂಪಿಎಸ್ ಮುಪ್ಪಾಗುವುದೂ ಸಹಜ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯ, ಶಾಖ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕಾಚಾರ. 2000ದ ಆಸುಪಾಸಿನಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರುಗಳು ಮಾರುಕಟ್ಟೆಗೆ ಬಂದು, ಡೆಲ್, ಎಚ್‌ಪಿ, ಆ್ಯಪಲ್ ಕಂಪನಿಗಳ ಯಂತ್ರಗಳೂ ಅದರಿಂದ ಕೆಟ್ಟವು. ತಲೆ ಉಬ್ಬಿದ, ಕಂದು ರಸ ಒಸರಿದ ಕೆಪಾಸಿಟರುಗಳನ್ನು ಆ ಕಾಲದ ಮೆಕ್ಯಾನಿಕ್‌ಗಳು ಇನ್ನೂ ನೆನಪಿಸಿಕೊಳ್ಳುತ್ತಾರೆ. ನಮ್ಮ ಬೀದಿಯ ಹುಡುಗನ ಯಂತ್ರದಲ್ಲೂ ಎಸ್‌ಎಂಪಿಎಸ್ ಹಳೆಯದೇ. ಮೋಟಾರಿನ ಲೈನು ಬೇರೆ ಮಾಡಿದ ಮೇಲೆ ಆರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಎಸ್‌ಎಂಪಿಎಸ್ ಬದಲಿಸಿದ ಮೇಲೆ ನಿಂತಿತು. ಅವನು ಕೇಳುತ್ತಿದ್ದ ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು.

ಒಂದು ಎಚ್ಚರಿಕೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಯಾರೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದಪ್ಪ ಕೆಪಾಸಿಟರಿನಲ್ಲಿ 320 ವೋಲ್ಟಿಗೂ ಮೇಲೆ ಉಳಿದಿರಬಹುದು. ಅದು ಜೀವ ತೆಗೆಯುವಷ್ಟು.

ಶಾಖದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರ ಮೇಲೆ ಇರುವ ಅಪವಾದ ಇರುವುದಕ್ಕಿಂತ ದೊಡ್ಡದು. ಈಗಿನ ಪ್ರೊಸೆಸರುಗಳು 90ರಿಂದ 100 ಡಿಗ್ರಿ ಮುಟ್ಟಿದಾಗ ಮೊದಲು ವೇಗ ತಗ್ಗಿಸುತ್ತವೆ, ಆಟ ತಡವರಿಸತೊಡಗುತ್ತದೆ. ಅದಕ್ಕೂ ಜಗ್ಗದಿದ್ದರೆ ಮಾತ್ರ ಆರುತ್ತವೆ, ಆಗಲೂ ಆರಿಯೇ ಇರುತ್ತವೆ, ತಾವಾಗಿ ಏಳುವುದು ಅಪರೂಪ. ಆದರೂ ಉಲ್ಲಾಳದಂಥ, ವರ್ಷವಿಡೀ ಒಂದಲ್ಲ ಒಂದು ರಸ್ತೆ ಅಗೆಯುವ ಕಡೆ ಧೂಳಿಗೆ ಬರವಿಲ್ಲ. ಹೀಟ್‌ಸಿಂಕಿನ ಸಂದುಗಳಲ್ಲಿ ಅದು ಕಂಬಳಿಯಂತೆ ಕಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪ 39 ಡಿಗ್ರಿ ದಾಟಿತ್ತು. ಮರದ ಮೇಜಿನ ಮುಚ್ಚಿದ ಗೂಡಿನಲ್ಲಿಟ್ಟ ಕ್ಯಾಬಿನೆಟ್ಟಿನ ಒಳಗೆ ಅಂಥ ದಿನ ಎಷ್ಟಿದ್ದೀತು? ಅದನ್ನು ಗೂಡಿನಿಂದ ಹೊರಗಿಡಿ. ಫ್ಯಾನನ್ನು ಬೆರಳಲ್ಲಿ ತಡೆಹಿಡಿದು ಬ್ಲೋವರಿನಿಂದ ಧೂಳು ಊದಿ. ಎಸ್‌ಎಂಪಿಎಸ್‌ನ ಕೆಳಗಿನ ಜಾಲರಿಯನ್ನು ತೊಳೆದು ಒಣಗಿಸಿ ಹಾಕಿ.

ಇಷ್ಟೆಲ್ಲ ಆದ ಮೇಲೂ ಆರುತ್ತಿದ್ದರೆ ರ‍್ಯಾಮ್, ಪ್ರೊಸೆಸರ್, ಬಯೋಸ್. ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಬಯೋಸಿನಲ್ಲಿ ಆಫ್ ಮಾಡಿ ಆಡಿ ನೋಡಿ. ರಾತ್ರಿಯಿಡೀ, ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ಅನುಮಾನಕ್ಕೆ ಅರ್ಹ. ಆಗಲೇ ಹೇಳಿದ ವ್ಹೀಯಾ-ಲಾಗರ್ ಸಾಲು ಕಂಡಿದ್ದರೆ ಪ್ರೊಸೆಸರಿಗೆ ಮಾಡಿಕೊಂಡ ಓವರ್‌ಕ್ಲಾಕನ್ನು ಪೂರ್ತಿ ತೆಗೆಯಿರಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್ ಇರುವವರು ಬಯೋಸ್ ಅಪ್‌ಡೇಟ್ ಮಾಡಿದ್ದೀರಾ ಎಂದು ನೋಡಲೇಬೇಕು. ಆ ಪ್ರೊಸೆಸರುಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಕೇಳಿ ಕಾಲಕ್ರಮೇಣ ತಾವೇ ಹಾಳಾಗುತ್ತಿದ್ದವು. ಆಟಗಳು ನಡುವೆ ಮುಚ್ಚಿಕೊಳ್ಳುವುದೇ ಅದರ ಮೊದಲ ಲಕ್ಷಣವಾಗಿತ್ತು. 2024ರ ಜುಲೈನಲ್ಲಿ ಕಂಪನಿ ಇದನ್ನು ಒಪ್ಪಿಕೊಂಡಿತು, ಆಗಸ್ಟಿನಲ್ಲಿ 0ಎಕ್ಸ್129 ಎಂಬ ಮೈಕ್ರೊಕೋಡ್ ತಿದ್ದುಪಡಿ ಹೊರಡಿಸಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹಾಳಾದದ್ದನ್ನು ತಿದ್ದುಪಡಿ ಸರಿಮಾಡಲಾರದು, ಮುಂದೆ ಹಾಳಾಗುವುದನ್ನು ತಡೆಯುತ್ತದೆ. ಅಂಥ ಪ್ರೊಸೆಸರ್ ಕೊಂಡವರು ಬಿಲ್ಲನ್ನು ಜೋಪಾನ ಮಾಡಿ.

ಆಟದ ಮೇಲೆ ತಪ್ಪು ಹೊರಿಸುವ ಹಿರಿಯರಿಗೆ 2021ರ ಒಂದು ಪ್ರಸಂಗ ಹೇಳಬೇಕು. ಅಮೆಜಾನ್ ಕಂಪನಿಯ ನ್ಯೂ ವರ್ಲ್ಡ್ ಎಂಬ ಆಟದ ಪರೀಕ್ಷಾ ಆವೃತ್ತಿ ಆಡುವಾಗ ಕೆಲವರ ದುಬಾರಿ ಆರ್‌ಟಿಎಕ್ಸ್ 3090 ಕಾರ್ಡುಗಳು ಪೂರ್ತಿ ಸತ್ತವು. ಆ ಆಟದ ಮೆನು ಪುಟದಲ್ಲಿ ಚಿತ್ರಗಳ ವೇಗಕ್ಕೆ ಮಿತಿ ಇರಲಿಲ್ಲ, ಕಾರ್ಡು ಸೆಕೆಂಡಿಗೆ ನೂರಾರು ಚಿತ್ರ ಬಿಡಿಸುತ್ತಾ ದುಡಿಯುತ್ತಿತ್ತು. ಎಲ್ಲರೂ ಆಟವನ್ನು ದೂರಿದರು. ಆ ಕಾರ್ಡು ತಯಾರಿಸಿದ ಇವಿಜಿಎ ಕಂಪನಿ ತನ್ನಲ್ಲಿಗೆ ಮರಳಿದ ಕಾರ್ಡುಗಳನ್ನು ಪರೀಕ್ಷಿಸಿ, ಮೊದಲ ಕಂತಿನ ಕೆಲವು ಕಾರ್ಡುಗಳ ಬೆಸುಗೆ ಕಳಪೆಯಾಗಿತ್ತು ಎಂದು ಹೇಳಿತು. ಆಟ ಆ ಕಳಪೆ ಬೆಸುಗೆಯನ್ನು ಬೇಗ ತೋರಿಸಿಕೊಟ್ಟಿತ್ತು.

ಮೆನುವಿನ ಆ ಪಾಠ ನಮ್ಮ ಕೈಗೊಂದು ಪುಕ್ಕಟೆ ಪರೀಕ್ಷೆಯನ್ನೂ ಕೊಡುತ್ತದೆ. ಆಟದ ಸೆಟ್ಟಿಂಗಿನಲ್ಲಿ ಚಿತ್ರಗಳ ವೇಗಕ್ಕೆ 60ರ ಮಿತಿ ಹಾಕಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ಟನ್ನು ಶೇಕಡ 70ಕ್ಕೆ ಇಳಿಸಿ. ಹಾಗೆ ಮಾಡಿದಾಗ ಆರುವುದು ನಿಂತರೆ ತೊಂದರೆ ವಿದ್ಯುತ್ತಿನದ್ದೋ ಶಾಖದ್ದೋ ಎಂಬುದು ಹೆಚ್ಚುಕಡಿಮೆ ಖಚಿತ. ಕಾರ್ಡಿಗೆ ಮಾತ್ರ ಹೊರೆ ಹಾಕುವ ಫರ್‌ಮಾರ್ಕ್, ಪ್ರೊಸೆಸರಿಗೆ ಮಾತ್ರ ಹೊರೆ ಹಾಕುವ ಪ್ರೈಮ್95, ಈ ಎರಡನ್ನೂ ಬೇರೆ ಬೇರೆಯಾಗಿ ಓಡಿಸಿ. ಎರಡರಲ್ಲೂ ಆರದೆ, ಒಟ್ಟಿಗೆ ಓಡಿಸಿದಾಗ ಮಾತ್ರ ಆರಿದರೆ ಬೆರಳು ಎಸ್‌ಎಂಪಿಎಸ್‌ನ ಕಡೆಗೇ. ಕ್ಯಾಬಿನೆಟ್ಟಿನ ಮುಂದಿನ ರೀಸೆಟ್ ಗುಂಡಿ ಒಳಗೆ ಸಿಕ್ಕಿಕೊಂಡೂ ಯಂತ್ರ ರೀಸ್ಟಾರ್ಟ್ ಆಗುವುದುಂಟು; ಮದರ್‌ಬೋರ್ಡಿನಿಂದ ಅದರ ವೈರನ್ನು ಕಿತ್ತಿಟ್ಟರೆ ನಷ್ಟವೇನಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆಯಬೇಕು. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಕೊನೆಗೆ ಅಂಗಡಿಯ ಮಾತು. ಉಲ್ಲಾಳದವರು ಜ್ಞಾನಭಾರತಿ ನಿಲ್ದಾಣದಲ್ಲಿ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಸಾದರ ಪತ್ರಪ್ಪ ರಸ್ತೆ, ಎಂದರೆ ನಮ್ಮೆಲ್ಲರ ಎಸ್‌ಪಿ ರೋಡು, ನಡೆದು ಹೋಗುವಷ್ಟು ದೂರ. ಹೋಗುವಾಗ ಹಳೆಯ ಎಸ್‌ಎಂಪಿಎಸ್‌ನ ಚೀಟಿಯ ಫೋಟೊ, ಗ್ರಾಫಿಕ್ಸ್ ಕಾರ್ಡಿನ ಮತ್ತು ಪ್ರೊಸೆಸರಿನ ಹೆಸರು, ಬರೆದಿಟ್ಟ ಹಾಳೆ ಜೊತೆಗಿರಲಿ. ವಿಷಯ ಗೊತ್ತಿರುವ ಗಿರಾಕಿಯ ಹತ್ತಿರ ಅಂಗಡಿಯವರು ಬೇರೆಯೇ ಧಾಟಿಯಲ್ಲಿ ಮಾತಾಡುತ್ತಾರೆ. ಯಂತ್ರವನ್ನೇ ಹೊತ್ತು ಹೋದರೆ, ಯಾವುದನ್ನೂ ಕೊಳ್ಳುವ ಮುಂಚೆ ಒಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ಓಡಿಸಿ ತೋರಿಸಿ ಎಂದು ಕೇಳಿ. 80 ಪ್ಲಸ್ ಗುರುತು ದಕ್ಷತೆಯನ್ನು ಮಾತ್ರ ಹೇಳುತ್ತದೆ, ಗಟ್ಟಿತನವನ್ನಲ್ಲ. 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್, ವಾರಂಟಿ ಎಷ್ಟು ವರ್ಷ ಎಂದು ಕೇಳಿ. ಐದು ವರ್ಷ ವಾರಂಟಿ ಕೊಡುವ ಕಂಪನಿಗೆ ತನ್ನ ಕೆಪಾಸಿಟರುಗಳ ಮೇಲೆ ನಂಬಿಕೆ ಇದೆ. ಹಳೆಯ ಎಸ್‌ಎಂಪಿಎಸ್ಸನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಅದರ ವೈರುಗಳನ್ನು ಕತ್ತರಿಸಿ ಕೊಟ್ಟರೆ ಅದು ಇನ್ನೊಬ್ಬರ ಕ್ಯಾಬಿನೆಟ್ಟಿನೊಳಗೆ ಸೇರುವುದು ತಪ್ಪುತ್ತದೆ.